ಸೆಕೆಂಡ್ ಪಾರ್ಟ್ ಉಂಟಾ?

ಹಳೇ ಪುಸ್ತಕದ ಅಂಗಡಿಯಲ್ಲಿ ಅವಳನ್ನು ಗುರುತಿಸುವುದು ಸುಲಭ. ಕುತ್ತಿಗೆ ಬಲಕ್ಕೆ ವಾಲಿರುತ್ತದೆ. ಇಂಗ್ಲಿಷ್ ಪುಸ್ತಕಗಳ ಬೆನ್ನಿನ ಮೇಲಿನ ಹೆಸರು ಮೇಲಿನಿಂದ ಕೆಳಕ್ಕೆ ಓಡುವುದರಿಂದ, ಕಪಾಟಿನ ಮುಂದೆ ಅರ್ಧ ಗಂಟೆ ನಿಂತವರ ತಲೆ ತಾನಾಗಿಯೇ ಆ ಕಡೆಗೆ ತಿರುಗಿಬಿಡುತ್ತದೆ. ಹೆಗಲಲ್ಲಿ ಕಾಲೇಜಿನ ಬ್ಯಾಗು. ನೀರು ಸೋರುವ ಕೊಡೆಯನ್ನು ಅಂಗಡಿಯವರು ಹೊರಗೇ ಇಡಿಸಿರುತ್ತಾರೆ. ಉಳಿದ ಗಿರಾಕಿಗಳು ಹೊಸದಾಗಿ ಏನು ಬಂತು, ರೇಟು ಎಷ್ಟು, ಸ್ವಲ್ಪ ಬಿಟ್ಟು ಕೊಡ್ತೀರಾ ಎಂದು ವಿಚಾರಿಸುತ್ತಾರೆ. ಇವಳದು ಒಂದೇ ಪ್ರಶ್ನೆ: "ಇದರ ಸೆಕೆಂಡ್ ಪಾರ್ಟ್ ಉಂಟಾ?"

ಇರುವುದಿಲ್ಲ. ಮೊದಲನೆಯದು ಮೂರು ಪ್ರತಿ ಇರುತ್ತದೆ. ಮೂರನೆಯದು ಇರುತ್ತದೆ. ನಾಲ್ಕನೆಯದಂತೂ ಯಾರೂ ಬಿಡಿಸಿಯೂ ನೋಡದ ಹಾಗೆ ಹೊಚ್ಚ ಹೊಸದಾಗಿ ಕೂತಿರುತ್ತದೆ. ಎರಡನೆಯದು ಮಾತ್ರ ನಾಪತ್ತೆ. ಇದರಲ್ಲಿ ಅಂಗಡಿಯವರ ತಪ್ಪೇನೂ ಇಲ್ಲ. ಮೊದಲನೆಯದನ್ನು ಓದಿ ಸಾಕೆನಿಸಿದವರು ಅದನ್ನು ಮಾರುತ್ತಾರೆ. ಮೂರನೆಯದು, ನಾಲ್ಕನೆಯದು ಎಂದರೆ ಹುಟ್ಟುಹಬ್ಬಕ್ಕೆಂದು ಯಾರೋ ಮಾವಂದಿರು ಮುಖಪುಟ ಚೆನ್ನಾಗಿದೆ ಎಂದು ಎಷ್ಟನೆಯದೆಂದು ನೋಡದೆ ಕೊಂಡು ಕೊಟ್ಟದ್ದು. ಎರಡನೆಯದನ್ನು ಕೊಂಡವರು ಮಾತ್ರ ಅದಕ್ಕೇ ಅಂತ ಅಲೆದು ಕೊಂಡವರು. ಅವರು ಮಾರುವುದಿಲ್ಲ. ಹೆಚ್ಚೆಂದರೆ ಗೆಳತಿಗೆ ಓದಲು ಕೊಡುತ್ತಾರೆ. ಅಲ್ಲಿಗೆ ಆ ಪುಸ್ತಕವೂ ಹೋಯಿತು, ಗೆಳೆತನವೂ ಹೋಯಿತು.

ಇಂಥ ಹುಡುಗಿಯರು ಈಗ ಎಲ್ಲ ಊರುಗಳಲ್ಲೂ ಇದ್ದಾರೆ. ಹದಿನಾಲ್ಕು ದಾಟಿರುತ್ತದೆ, ಹದಿನೆಂಟು ತುಂಬಿರುವುದಿಲ್ಲ. ಬಿಡಿ ಪುಸ್ತಕವನ್ನು ಅವರು ಪುಸ್ತಕವೆಂದೇ ಪರಿಗಣಿಸುವುದಿಲ್ಲ, ಕನಿಷ್ಠ ಮೂರು ಭಾಗವಾದರೂ ಇರಬೇಕು. ನಾನು ಹತ್ತಿರದಿಂದ ನೋಡಿರುವ ಮಾದರಿ ನಮ್ಮ ಅಕ್ಕನ ಮಗಳು. ಮಲ್ಪೆಯಲ್ಲಿ ಮನೆ, ಉಡುಪಿಯಲ್ಲಿ ಫಸ್ಟ್ ಪಿಯುಸಿ, ಪಿಸಿಎಂಬಿ. ಪುಟ್ಟಿ ಎಂದು ಕರೆದರೆ ಈಗೀಗ ಓಗೊಡುವುದಿಲ್ಲ. ಆದರೆ ಎರಡನೇ ಭಾಗದ ದುಡ್ಡು ಬೇಕಾದಾಗ ಆ ಹೆಸರಿಗೂ ಅಡ್ಡಿಯಿಲ್ಲ.

ಅವಳಿಗೆ ಹಿಡಿದಿರುವುದು ಮತ್ಸ್ಯಕನ್ಯೆಯರ ಹುಚ್ಚು. ಜೆನಿಫರ್ ಡಾನ್ನೆಲ್ಲಿ ಎಂಬ ಅಮೆರಿಕದ ಲೇಖಕಿ ಬರೆದ 'ವಾಟರ್‌ಫೈರ್ ಸಾಗಾ', ನಾಲ್ಕು ಸಂಪುಟ. 2014ರಲ್ಲಿ 'ಡೀಪ್ ಬ್ಲೂ', 2015ರ ಆರಂಭದಲ್ಲಿ 'ರೋಗ್ ವೇವ್', ಅದೇ ವರ್ಷದ ಕೊನೆಗೆ 'ಡಾರ್ಕ್ ಟೈಡ್', 2016ರಲ್ಲಿ 'ಸೀ ಸ್ಪೆಲ್'. ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟ ಯಾವುದೋ ವಿದ್ಯಾರ್ಥಿನಿ ಮಾರಿ ಹೋದ ಮೊದಲ ಭಾಗ ಇವಳ ಕೈ ಸೇರಿತು. ಆಮೇಲಿನದು ಮನೆಯವರೆಲ್ಲರ ಸಂಕಟ.

ನಾಲ್ಕೂ ಭಾಗ ಬಂದು ಎಷ್ಟೋ ವರ್ಷವಾಗಿದೆ, ಒಟ್ಟಿಗೆ ತರಿಸಿಕೊಂಡರೆ ಒಂದು ವಾರದಲ್ಲಿ ಪೀಡೆ ಕಳೆಯುತ್ತದಲ್ಲ ಎಂದು ನಾನು ಕೇಳಿದ್ದುಂಟು. ಅಕ್ಕ ಒಪ್ಪಲಿಲ್ಲ. ಅವಳ ಕಾನೂನು ಒಂದು ಟೆಸ್ಟಿಗೆ ಒಂದು ಪುಸ್ತಕ. ಎಸ್ಸೆಸ್ಸೆಲ್ಸಿ ಮುಗಿಸಿದ್ದಕ್ಕೆ ಎರಡನೆಯದು, ಪಿಯುಸಿಯ ಮೊದಲ ಯೂನಿಟ್ ಟೆಸ್ಟಿಗೆ ಮೂರನೆಯದು. ಲೇಖಕಿ ಎರಡು ವರ್ಷದಲ್ಲಿ ಹೊರತಂದು ಮುಗಿಸಿದ್ದನ್ನು ಅಕ್ಕ ಮೂರು ವರ್ಷಕ್ಕೆ ಹಂಚಿದ್ದಾಳೆ. ಅಮೆರಿಕದ ಓದುಗರಿಗೆ ಪ್ರಕಾಶಕರು ಮಾಡಿದ ಉಪದ್ರವವನ್ನು ಇಲ್ಲಿ ತಾಯಿಯೇ ಮಾಡುತ್ತಿದ್ದಾಳೆ ಎಂಬುದು ಪುಟ್ಟಿಯ ದೂರು.

ಎರಡನೇ ಭಾಗ ಕೊನೆಗೆ ಆನ್‌ಲೈನಿನಲ್ಲಿ ಸಿಕ್ಕಿತು. ಜೂನ್ ಮೊದಲ ವಾರ ಮನೆಗೆ ಬಂತು, ಮಳೆಯ ಜೊತೆ. ತಕ್ಷಣ ಓದಲು ಕೂತಳು ಎಂದುಕೊಂಡರೆ ಈ ಜಾತಿಯ ಓದುಗರು ನಿಮಗೆ ಗೊತ್ತಿಲ್ಲ ಎಂದಾಯಿತು. ಮೊದಲು ಅಳತೆ. ಮೊದಲ ಭಾಗದ ಪಕ್ಕದಲ್ಲಿ ಎರಡನೆಯದನ್ನು ನಿಲ್ಲಿಸಿ, ಕಣ್ಣು ಕಪಾಟಿನ ಮಟ್ಟಕ್ಕೆ ತಂದು, ಮೇಲಿನ ಅಂಚು ಒಂದೇ ಗೆರೆಯಲ್ಲಿದೆಯೇ ಎಂದು ನೋಡಿದಳು. ಪುಣ್ಯಕ್ಕೆ ಇತ್ತು. ಆಮೇಲೆ ಬೈಂಡು. ಫಿಸಿಕ್ಸ್ ಪುಸ್ತಕಕ್ಕೆ ಇವತ್ತಿನವರೆಗೆ ಬೈಂಡಿಲ್ಲ, ಅದರ ನಾಲ್ಕು ಮೂಲೆಗಳೂ ನಾಯಿ ಕಚ್ಚಿದ ಹಾಗೆ ಆಗಿವೆ. ಇದಕ್ಕೆ ಮಾತ್ರ ದಪ್ಪ ಪಾರದರ್ಶಕ ಪ್ಲಾಸ್ಟಿಕ್ಕು, ಒಳಗೆ ಗಾಳಿಯ ಗುಳ್ಳೆ ಉಳಿಯದ ಹಾಗೆ ಸ್ಕೇಲಿನಿಂದ ತೀಡಿ. ಅದಾದ ಮೇಲೆ ಮೊದಲ ಭಾಗವನ್ನು ಮೊದಲಿನಿಂದ ಓದಬೇಕು. "ನೆನಪುಂಟಲ್ಲ, ಬಾಯಿಪಾಠ ಬರ್ತದಲ್ಲ" ಎಂದರೆ, "ನೆನಪು ಬೇರೆ, ಮೂಡ್ ಬೇರೆ ಮಾವ" ಎಂದಳು.

ಓದುವ ಭಂಗಿಯನ್ನು ನೋಡಿಯೇ ತಿಳಿಯಬೇಕು. ಪುಸ್ತಕವನ್ನು ಪೂರ್ತಿ ಬಿಡಿಸುವುದಿಲ್ಲ, ಬೆನ್ನು ಮುರಿದು ಬಿಳಿ ಗೆರೆ ಬೀಳುತ್ತದೆ. ಮುಕ್ಕಾಲು ಮುಚ್ಚಿಯೇ ಹಿಡಿದು ಒಳಗೆ ಇಣುಕುತ್ತಾಳೆ. ಎಡಪುಟ ಓದಲು ತಲೆ ಬಲಕ್ಕೆ, ಬಲಪುಟ ಓದಲು ಎಡಕ್ಕೆ. ಎಡಗೈಯ ತೋರುಬೆರಳು ಸದಾ ಕೊನೆಯ ಪುಟಗಳ ಪದಕೋಶದಲ್ಲಿ ಸಿಕ್ಕಿಕೊಂಡಿರುತ್ತದೆ. ಕಡಲಡಿಯ ರಾಜ್ಯ, ರಾಣಿಯರ ವಂಶ, ನಾಣ್ಯ, ಮಂತ್ರ, ಡಾಲ್ಫಿನ್ನಿನ ಭಾಷೆ, ಆಮೆಯ ಭಾಷೆ, ಎಲ್ಲದಕ್ಕೂ ಅಲ್ಲಿ ವಿವರಣೆ ಇದೆ. ಕೆಮಿಸ್ಟ್ರಿಯ ಪೀರಿಯಾಡಿಕ್ ಟೇಬಲ್ ಆ ಪದಕೋಶದ ಕಾಲು ಭಾಗವೂ ಇಲ್ಲ. ಅದು ಹೋಗದ ತಲೆಗೆ ಇದು ಹೇಗೆ ಹೋಗುತ್ತದೆ ಎಂಬುದು ಅಕ್ಕನಿಗೆ ಬಿಡಿಸಲಾಗದ ಒಗಟು. ಬಾಯಾಡಿಸಲು ಗೋಳಿಬಜೆ ವರ್ಜ್ಯ, ಎಣ್ಣೆ. ಕೋಡುಬಳೆಗೆ ಅನುಮತಿಯಿದೆ, ಆದರೆ ಕೈಯಲ್ಲಿ ಮುಟ್ಟುವ ಹಾಗಿಲ್ಲ. ನಾಲ್ಕು ಕೋಡುಬಳೆಗಳನ್ನು ಪೆನ್ಸಿಲಿಗೆ ಪೋಣಿಸಿ ಬಲಗೈಯಲ್ಲಿ ಹಿಡಿದು ಒಂದೊಂದಾಗಿ ಬಾಯಿಗೆ ಎಳೆದುಕೊಳ್ಳುವುದು ಅವಳೇ ಕಂಡುಹಿಡಿದ ವಿಧಾನ. ಪುಟ ತಿರುಗಿಸಬೇಕಾದಾಗ ಪೆನ್ಸಿಲು ಹಲ್ಲಿನ ನಡುವೆ.

ಮನೆಯವರಿಗೆಲ್ಲ ಮೊದಲ ಭಾಗದ ಕಥೆ ಗೊತ್ತಿರಲೇಬೇಕು. ಇಲ್ಲವಾದರೆ ಎರಡನೆಯದರ ದುಃಖವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಹಾಗಾಗಿ ರಾತ್ರಿ ಊಟದ ಹೊತ್ತಿಗೆ ಹಿಂದಿನ ಕಥೆಯ ಪಾರಾಯಣ. ಮೆಡಿಟರೇನಿಯನ್ ಕಡಲಡಿಯಲ್ಲಿ ಮಿರೊಮಾರ ಎಂಬ ರಾಜ್ಯ. ರಾಣಿಯ ಮಗಳು ಸೆರಫಿನಾ. ಪಟ್ಟಕ್ಕೆ ಅವಳು ನಿಜವಾದ ಹಕ್ಕುದಾರಳೇ ಎಂದು ತಿಳಿಯಲು ಒಂದು ಪರೀಕ್ಷೆ. ಭಯಂಕರ ಜೇಡವೊಂದು ಬಂದು ರಕ್ತ ನೋಡುತ್ತದೆ. ವಂಶದವಳಲ್ಲದಿದ್ದರೆ ಅಲ್ಲೇ ಮುಗಿಸಿಬಿಡುತ್ತದೆ. (ಪರೀಕ್ಷೆ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ಅಡುಗೆಮನೆಯಿಂದ ಅಕ್ಕ, "ನಿನ್ನದು ಯಾವಾಗ?") ಅದೇ ದಿನ ರಾಣಿಗೆ ಬಾಣ ನಾಟುತ್ತದೆ, ಶತ್ರುಗಳು ನುಗ್ಗುತ್ತಾರೆ, ನಗರ ಹಾಳಾಗುತ್ತದೆ. ಸೆರಫಿನಾ ತನ್ನ ಗೆಳತಿ ನೀಲಾಳ ಜೊತೆ ತಪ್ಪಿಸಿಕೊಂಡು ವೆನಿಸ್ಸಿಗೆ ಹೋಗಿ, ಕನ್ನಡಿಯೊಳಗೆ ನುಗ್ಗಿ, ರೊಮೇನಿಯಾದ ಓಲ್ಟ್ ನದಿಯಲ್ಲಿರುವ ಮಾಟಗಾತಿಯರ ಗುಹೆ ಸೇರುತ್ತಾಳೆ. ಅಮೆಜಾನಿನವಳು, ಚೀನದ ಕಡಲಿನವಳು, ಅಟ್ಲಾಂಟಿಕ್ಕಿನವಳು, ಆರ್ಕ್ಟಿಕ್ಕಿನವಳು ಸೇರಿ ಒಟ್ಟು ಆರು ಹುಡುಗಿಯರು. ದಕ್ಷಿಣದ ಹಿಮಸಾಗರದಲ್ಲಿ ಕಟ್ಟಿಹಾಕಿರುವ ಅಬ್ಬಾಡನ್ ಎಂಬ ರಾಕ್ಷಸ ಏಳುವ ಮೊದಲು ಅಟ್ಲಾಂಟಿಸ್ ಕಾಲದ ಆರು ತಾಯಿತಗಳನ್ನು ಹುಡುಕಬೇಕು. ಮೊದಲ ಭಾಗ ಸಮಾಪ್ತ.

"ಇಷ್ಟು ದಪ್ಪದ ಪುಸ್ತಕದಲ್ಲಿ ಆರು ಜನ ಸೇರಿದ್ದು ಮಾತ್ರವಾ?" ಎಂದು ಕೇಳಿದ್ದು ಅಮ್ಮ, ಅಂದರೆ ಪುಟ್ಟಿಯ ಅಜ್ಜಿ.

ರೊಮೇನಿಯಾದ ಓಲ್ಟ್ ನದಿ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ ಎಂದು ಪುಟ್ಟಿ ನಕಾಶೆಯಲ್ಲಿ ತೋರಿಸುತ್ತಾಳೆ. ಮಲ್ಪೆಯ ಬದಿಯಲ್ಲೇ ಕಡಲಿಗೆ ಸೇರುವ ಹೊಳೆ ಯಾವುದೆಂದರೆ "ಅದೊಂದು ಹೊಳೆ" ಎನ್ನುತ್ತಾಳೆ. ಅದು ಉದ್ಯಾವರ ಹೊಳೆ. ಅಲ್ಲಿ ಮಾಟಗಾತಿಯರು ಇಲ್ಲದ್ದರಿಂದ ಅದಕ್ಕೆ ಪದಕೋಶದಲ್ಲಿ ಸ್ಥಾನವಿಲ್ಲ.

ಆದರೆ ನೀಲಾಳ ವಿಷಯದಲ್ಲಿ ಮಾತ್ರ ಸ್ವದೇಶಾಭಿಮಾನ ಉಕ್ಕುತ್ತದೆ. ನೀಲಾ ಹಿಂದೂ ಮಹಾಸಾಗರದ ಮತಾಲಿ ಸಾಮ್ರಾಜ್ಯದ ರಾಜಕುಮಾರಿ. ತಲೆಬಿಸಿಯಾದರೆ ಸಿಹಿತಿಂಡಿ ತಿನ್ನುತ್ತಾಳೆ. ಮನಸ್ಸು ಕಲಕಿದರೆ ಮೈ ಹೊಳೆಯುತ್ತದೆ. ಊದಾ ಎಂಬ ಸಾಕು ಮೀನು, ಹೆದರಿದರೆ ಬಲೂನಿನಂತೆ ಉಬ್ಬುತ್ತದೆ. ಹಿಂದೂ ಮಹಾಸಾಗರ ಎಂದ ಮೇಲೆ ಅರಬ್ಬೀ ಸಮುದ್ರವೂ ಬಂತು, ಅರಬ್ಬೀ ಸಮುದ್ರ ಬಂದ ಮೇಲೆ ಮಲ್ಪೆಯೂ ಬಂತು. ಹೀಗಾಗಿ ನೀಲಾ ನಮ್ಮೂರಿನವಳು, ಆಧಾರ್ ಕಾರ್ಡಿನಲ್ಲಿ ಅದು ನಮೂದಾಗಿಲ್ಲ ಅಷ್ಟೆ. ಸಿಹಿತಿಂಡಿಯ ಸಂಗತಿ ಕೇಳಿ ಅಜ್ಜಿಗೂ ನಂಬಿಕೆ ಬಂತು.

ಬಾವನಿಗೆ ಇದೆಲ್ಲ ಹಿಡಿಸುವುದಿಲ್ಲ. ಬ್ಯಾಂಕಿನ ಮನುಷ್ಯ, ಲೆಕ್ಕ ಸರಿಯಾಗಬೇಕು. "ಮತ್ಸ್ಯಕನ್ಯೆ ಅಂತ ಎಂತದ್ದೂ ಇಲ್ಲ ಮಾರಾಯ್ತಿ. 1493ರ ಜನವರಿಯಲ್ಲಿ ಕೊಲಂಬಸ್ ಮೂರು ಕಂಡೆ ಅಂತ ಬರೆದುಕೊಂಡಿದ್ದಾನೆ. ಅವು ಕಡಲಹಸು. ಚಿತ್ರದಲ್ಲಿ ಬಿಡಿಸುವಷ್ಟು ಚಂದ ಇಲ್ಲ ಅಂತಲೂ ಬರೆದಿದ್ದಾನೆ" ಎಂದರು.

"ಅವರೂ ಕೊಲಂಬಸ್ ಬಗ್ಗೆ ಅದನ್ನೇ ಬರೆದುಕೊಂಡಿರಬಹುದು" ಎಂದಳು ಪುಟ್ಟಿ, ಪೆನ್ಸಿಲಿನಿಂದ ಕೋಡುಬಳೆ ಎಳೆಯುತ್ತ.

ಒಂದು ಕಥೆಗೆ ಎರಡನೇ ಭಾಗ ಯಾಕೆ ಬೇಕು ಎಂಬುದು ಬಾವನ ಮೂಲ ಪ್ರಶ್ನೆ. ಈ ಪ್ರಶ್ನೆ ಕೇಳುವವರನ್ನು ಸ್ವಲ್ಪ ವಿಚಾರಿಸಬೇಕು. 2015ರ ಜುಲೈಯಲ್ಲಿ ಬಾಹುಬಲಿ ನೋಡಿ ಬಂದು, ಕಟ್ಟಪ್ಪ ಯಾಕೆ ಕೊಂದ ಎಂದು 2017ರ ಏಪ್ರಿಲ್‌ವರೆಗೆ ಬ್ಯಾಂಕಿನ ಕೌಂಟರಿನಲ್ಲೇ ಚರ್ಚೆ ನಡೆಸಿದವರು ಇವರೇ. 2022ರಲ್ಲಿ ಕಾಂತಾರ ನೋಡಿದ ಮೇಲೆ ಮೂರು ವರ್ಷ ಕಾದು, ಎರಡನೆಯ ಕಾಂತಾರದ ಮೊದಲ ದಿನದ ಟಿಕೆಟ್ಟಿಗೆ ಸಾಲ ಮಂಜೂರು ಮಾಡಿಸಲು ಬಂದವರಿಗಿಂತ ಹೆಚ್ಚು ಓಡಾಡಿದವರೂ ಇವರೇ. ಅದರಲ್ಲಿ ನೋಡಿದರೆ ಕಥೆ ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಹೋಗಿತ್ತು, ಹೆಸರು 'ಚಾಪ್ಟರ್ 1'. ಪುಟ್ಟಿ ಇದನ್ನೆಲ್ಲ ತಾರೀಖು ಸಮೇತ ಒಪ್ಪಿಸಿದಳು. ಬಾವ ಎದ್ದು ಕೈ ತೊಳೆಯಲು ಹೋದರು.

ಅವಳ ಪ್ರಕಾರ ಜಗತ್ತಿನ ಅತಿ ದೊಡ್ಡ ಅಪರಾಧಿ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್. 1837ರಲ್ಲಿ ಪುಟ್ಟ ಮತ್ಸ್ಯಕನ್ಯೆಯ ಕಥೆ ಬರೆದ, ಅವಳನ್ನು ಕಡಲ ನೊರೆ ಮಾಡಿದ, ಗಾಳಿಗೆ ಸೇರಿಸಿದ, ಮುಂದೇನು ಎಂದು ಹೇಳದೆ ಹೋದ. ಡಿಸ್ನಿಯವರು 1989ರಲ್ಲಿ ಅವಳಿಗೆ ಮದುವೆ ಮಾಡಿಸಿದರು, 2000ದಲ್ಲಿ ವಿಡಿಯೋಗೆಂದೇ ಎರಡನೇ ಭಾಗವನ್ನೂ ತಂದರು. ಅದನ್ನು ಪುಟ್ಟಿ ನೋಡಿದ್ದಾಳೆ. ಅದರ ಬಗ್ಗೆ ಕೇಳಿದರೆ ಕಣ್ಣು ಮುಚ್ಚಿ ತಲೆ ಅಲ್ಲಾಡಿಸುತ್ತಾಳೆ. ಎರಡನೇ ಭಾಗ ಬೇಕು, ಬಂದದ್ದು ಮಾತ್ರ ಆಗುವುದಿಲ್ಲ. ಈ ಜಾತಿಯವರ ಲಕ್ಷಣವೇ ಅದು. ಮುಂದೆ ಏನಾಯಿತು ಎಂದು ತಿಳಿಯಲಿಕ್ಕಲ್ಲ ಅವರು ಓದುವುದು. ಲೇಖಕಿ ಹಿಂದೆ ಕೊಟ್ಟ ಮಾತನ್ನೆಲ್ಲ ಉಳಿಸಿಕೊಂಡಿದ್ದಾಳೋ ಇಲ್ಲವೋ ಎಂದು ಜಪ್ತಿಗೆ ಬಂದ ಅಮೀನನ ಹಾಗೆ ಒಳಗೆ ನುಗ್ಗುವುದು.

'ರೋಗ್ ವೇವ್' ಶುರುವಾದ ಕೂಡಲೇ ಒಂದು ಬಿಳಿ ಹಾಳೆ ಬಂತು. ಪುಸ್ತಕದ ಮೇಲೆ ಗೀಚುವಂತಿಲ್ಲ, ಹಾಳೆಯ ಮೇಲೆ ಆಕ್ಷೇಪಣೆಗಳು. ಮೊದಲನೆಯದೇ ಗಂಭೀರ: ಸೆರಫಿನಾಳ ಸಾಕು ಆಕ್ಟೋಪಸ್ ಸಿಲ್ವೆಸ್ತ್ರೆಗೆ ಈಗ ಊಟ ಹಾಕುತ್ತಿರುವವರು ಯಾರು? ರಾಜ್ಯ ಬಿದ್ದದ್ದು, ರಾಣಿಯ ಗತಿ, ಸೈನ್ಯದ ಗತಿ ಎಲ್ಲ ಆಮೇಲಿನ ಮಾತು. "ನೀಲಾ ಹೀಗೆ ಮಾತಾಡುದಿಲ್ಲ" ಎಂದು ಇನ್ನೊಂದು ಕಲಮು. ನೀಲಾಳನ್ನು ಹುಟ್ಟಿಸಿದವಳೇ ಹಾಗೆ ಮಾತಾಡಿಸಿರುವಾಗ, ಇಲ್ಲ ಎನ್ನಲು ನೀನು ಯಾರು ಎಂದು ನಾನು ಕೇಳಿದೆ. "ಹುಟ್ಟಿಸಿದ್ದು ಅವರು. ಅರ್ಥ ಮಾಡಿಕೊಂಡದ್ದು ನಾನು" ಎಂದಳು. ಯಾವುದೇ ತಾಯಿಯ ಎದುರು ಯಾವುದೇ ಅತ್ತೆ ಹೇಳಬಹುದಾದ ಮಾತು.

ಅತಿ ದೊಡ್ಡ ಆಕ್ಷೇಪಣೆ ಬೇರೆಯೇ ಇತ್ತು. ಮೊದಲ ಭಾಗವಿಡೀ ಕಷ್ಟಪಟ್ಟು ಒಂದುಗೂಡಿಸಿದ ಆರು ಜನರನ್ನು ಲೇಖಕಿ ಎರಡನೆಯದರಲ್ಲಿ ಚೆಲ್ಲಾಪಿಲ್ಲಿ ಮಾಡಿದ್ದಾಳೆ. ಸೆರಫಿನಾ ಒಂದು ನೀಲಿ ಕಲ್ಲನ್ನು ಹುಡುಕಿಕೊಂಡು ಮುಳುಗಿದ ಹಡಗಿನ ಕಡೆ ಹೋಗುತ್ತಾಳೆ. ನೀಲಾ ತನ್ನ ಊರಿಗೆ ಹೋದರೆ ಮನೆಯವರೇ ಅವಳ ಮಾತು ನಂಬುವುದಿಲ್ಲ, ಅವಳ ಪಾಲಿಗೆ ಚಂದ್ರಕಾಂತ ಶಿಲೆ ಮತ್ತು ಅದನ್ನು ಕಾಯುವ ಡ್ರ್ಯಾಗನ್ನು. ಉಳಿದವರು ಎಲ್ಲೆಲ್ಲೋ. ಒಬ್ಬರ ಸುದ್ದಿ ಇನ್ನೊಬ್ಬರಿಗಿಲ್ಲ. ಪುಟ್ಟಿ ಊಟ ಬಿಟ್ಟಳು.

"ಅದಕ್ಕೆ ಯಾಕೆ ಬೇಜಾರು ಮಗಾ?" ಎಂದರು ಅಜ್ಜಿ. "ಎರಡನೆಯದು ಅಂದರೆ ವನಪರ್ವದ ಹಾಗೆ ಅಲ್ವಾ. ತಿರುಗುದೇ ಕೆಲಸ. ಅರ್ಜುನ ಅಸ್ತ್ರ ತರ್ಲಿಕ್ಕೆ ಹೋಗ್ತಾನೆ, ಭೀಮ ಹೂ ತರ್ಲಿಕ್ಕೆ ಹೋಗ್ತಾನೆ, ಉಳಿದವರು ಕೂತು ಋಷಿಗಳ ಹತ್ರ ಕಥೆ ಕೇಳ್ತಾರೆ. ಯುದ್ಧ ಈಗಲೇ ಆದರೆ ಮತ್ತೆ ಎಂತ ಓದ್ತಿ?"

ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ವಾರಕ್ಕೊಂದು ಕಂತು ಎಂದು ಪತ್ರಿಕೆಗಳ ಧಾರಾವಾಹಿಗೆ ಕಾದು ಕಾದು ಮುದುಕಿಯಾದವರು, ಜೊತೆಗೆ ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವರು. ಯಾವ ಕಥೆ ಎಲ್ಲಿ ಬಾಗುತ್ತದೆ ಎಂದು ಅವರಿಗೆ ಮೂಗಿನಲ್ಲೇ ಗೊತ್ತಾಗುತ್ತದೆ. ಮತ್ಸ್ಯಕನ್ಯೆಯ ಬಗ್ಗೆಯೂ ಅವರಿಗೆ ಬೆರಗಿಲ್ಲ. ಮತ್ಸ್ಯಗಂಧಿ ಮೀನಿನ ಹೊಟ್ಟೆಯಲ್ಲೇ ಹುಟ್ಟಿದವಳಲ್ಲವೇ? ಅವಳಪ್ಪ ದಾಶರಾಜ ಮದುವೆಗೆ ಒಂದು ಷರತ್ತು ಹಾಕಿದ, ಭೀಷ್ಮ ಪ್ರತಿಜ್ಞೆ ಮಾಡಿದ, ಅದರ ಮುಂದುವರಿದ ಭಾಗ ಹದಿನೆಂಟು ಪರ್ವ ಆಯಿತು. "ನಿನ್ನದು ನಾಲ್ಕಕ್ಕೆ ಮುಗೀತದಲ್ಲ, ಪುಣ್ಯ" ಎಂದರು.

ಪುಟ್ಟಿಯ ನಿಜವಾದ ಶತ್ರು ಅಬ್ಬಾಡನ್ ಅಲ್ಲ, ಅವಳ ತಮ್ಮ. ಆರನೇ ಕ್ಲಾಸು. ಪುಸ್ತಕ ಮುಟ್ಟುವವನಲ್ಲ. ಆದರೆ ಅಪ್ಪನ ಮೊಬೈಲಿನಲ್ಲಿ ನಾಲ್ಕೂ ಭಾಗಗಳ ಕಥಾಸಾರ ಸಿಗುತ್ತದೆ ಎಂಬುದನ್ನು ಕಂಡುಕೊಂಡ ದಿನದಿಂದ ಆ ಮನೆಯ ಅಧಿಕಾರ ಅವನ ಕೈಗೆ ಹೋಯಿತು. ಟಿವಿ ರಿಮೋಟು ಬೇಕೆಂದರೆ, "ಕೊನೆಗೆ ನೀಲಾ..." ಎಂದು ಶುರು ಮಾಡಿದರೆ ಸಾಕು. ಇವಳು ಎರಡೂ ಕಿವಿ ಮುಚ್ಚಿ ರಿಮೋಟನ್ನು ಕಾಲಿನಿಂದ ತಳ್ಳುತ್ತಾಳೆ. ಹೋಳಿಗೆಯ ಪಾಲು, ಕಿಟಕಿ ಬದಿಯ ಸೀಟು, ಸೈಕಲ್ ಒರೆಸುವ ಸರದಿ, ಎಲ್ಲವೂ ಈ ಮೌನದ ಬೆಲೆಯಾಗಿ ಅವನಿಗೆ ಸಂದಾಯವಾದವು.

ಆಮೇಲೆ ಅವನಿಗೆ ಇನ್ನೂ ದೊಡ್ಡ ಸತ್ಯ ಹೊಳೆಯಿತು. ಕಥಾಸಾರ ಓದುವ ಶ್ರಮವೂ ಬೇಡ, ಸುಳ್ಳು ಹೇಳಿದರೂ ನಡೆಯುತ್ತದೆ. ನಿಜವೋ ಸುಳ್ಳೋ ಎಂದು ನೋಡಲು ಅವಳು ಮುಂದಿನ ಪುಟ ತೆರೆಯಬೇಕು. ತೆರೆಯುವುದು ಅವಳ ಧರ್ಮಕ್ಕೆ ವಿರುದ್ಧ. "212ನೇ ಪುಟದಲ್ಲಿ ಒಬ್ಬಳು ಸಾಯ್ತಾಳೆ" ಎಂದು ಒಂದು ಸಂಜೆ ಹೇಳಿ ಕ್ರಿಕೆಟ್ ಆಡಲು ಹೋದ. ಯಾರು ಎಂದು ಹೇಳಲಿಲ್ಲ. ಪುಟ್ಟಿ ಆಗ 140ರಲ್ಲಿದ್ದಳು. ಅಲ್ಲಿಂದ ಮುಂದಿನ ಎಪ್ಪತ್ತು ಪುಟವನ್ನು ಅವಳು ಓದಿದ ರೀತಿ ನೋಡಿದರೆ ಕಲ್ಲೂ ಕರಗಬೇಕು. ಪ್ರತಿಯೊಬ್ಬಳಿಗೂ ಮುಂಗಡವಾಗಿ ಅತ್ತಳು. ಕುರುಡಿಯಾದರೂ ಯಾರಿಗೂ ಹೆದರದ ಅಮೆಜಾನಿನ ಆವಾಳಿಗೆ ಸ್ವಲ್ಪ ಹೆಚ್ಚೇ ಅತ್ತಳು, ಅವಳ ಸಾಕು ಪಿರಾನ್ಹಾ ತಬ್ಬಲಿಯಾಗುತ್ತದಲ್ಲ ಎಂದು. 212 ಬಂತು. ಅವನು ಹೇಳಿದ್ದು ಅಲ್ಲಿ ಎಂತದ್ದೂ ಇರಲಿಲ್ಲ. ಅವನ ಬೆನ್ನಿಗೆ ಬಿದ್ದ ಗುದ್ದಿನ ಸದ್ದು ಪಕ್ಕದ ಮನೆಗೂ ಕೇಳಿತು.

ಆ ಪಕ್ಕದ ಮನೆಯವರ ವಿಷಯವನ್ನೂ ಹೇಳಬೇಕು. ಅವರದು ಟ್ರಾಲ್ ಬೋಟು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟುಗಳೆಲ್ಲ ಮಲ್ಪೆ ಬಂದರಿನಲ್ಲಿ ಒತ್ತಾಗಿ ನಿಂತಿರುತ್ತವೆ, ಮಾಲಕರು ಮನೆಮನೆಗೆ ಹೋಗಿ ಚಾ ಕುಡಿಯುತ್ತಾರೆ. ಪುಟ್ಟಿ ಓದುವ ಕಥೆಯಲ್ಲಿ ಮನುಷ್ಯರಿಗೆ 'ಟೆರಾಗಾಗ್' ಎಂದು ಹೆಸರು, ಅದು ಹೊಗಳಿಕೆಯ ಹೆಸರಲ್ಲ. ಮನುಷ್ಯರಲ್ಲಿ ಮಹಾಪಾಪಿ ಎಂದರೆ ಮ್ಫೇಮೆ ಎಂಬ ಟ್ರಾಲರ್ ಯಜಮಾನ. ಅಂದು ಚಾ ಕುಡಿಯುತ್ತಿದ್ದ ನಮ್ಮ ನೆರೆಯವರು ತಲೆ ಎತ್ತಿದಾಗ ಎದುರಿನ ಕುರ್ಚಿಯಿಂದ, ಮುಕ್ಕಾಲು ಮುಚ್ಚಿದ ಪುಸ್ತಕದ ಮೇಲಿನಿಂದ ಎರಡು ಕಣ್ಣುಗಳು ಅವರನ್ನೇ ನೋಡುತ್ತಿದ್ದವು.

"ಎಂತ ಮಗಾ, ಕಾಲೇಜು ಕಷ್ಟವಾ?"

"ಇಲ್ಲ. ಇನ್ನು ಎರಡು ತಿಂಗಳು ಅವರಿಗೆ ನೆಮ್ಮದಿ."

"ಯಾರಿಗೆ?"

"ಕೆಳಗಿನವರಿಗೆ."

ಅವರು ಚಾ ಅರ್ಧಕ್ಕೇ ಬಿಟ್ಟು ಎದ್ದರು. ಮನೆಯ ಕೆಳಗೆ ಬಾಡಿಗೆದಾರರು ಯಾರೂ ಇಲ್ಲವಲ್ಲ ಎಂದು ಗೇಟಿನ ಬಳಿ ಬಾವನನ್ನು ಕೇಳಿದರಂತೆ.

ಅದೇ ಆವೇಶದಲ್ಲಿ ಅವಳು ಮೀನು ಬಿಟ್ಟಳು. ಸೆರಫಿನಾಳ ಪ್ರಜೆಗಳನ್ನು ತಿನ್ನುವುದು ಹೇಗೆ? ಜೂನ್, ಜುಲೈ ಪೂರ್ತಿ ಬಸಳೆ, ಹಲಸಿನಬೀಜ, ಪತ್ರೊಡೆ. ನಾಡದೋಣಿಯವರು ತಂದದ್ದು ಒಂದೆರಡು ಬಾರಿ ಮನೆಗೆ ಬಂದಾಗಲೂ ಮುಖ ತಿರುಗಿಸಿದಳು. ಪೇಟೆಯಲ್ಲಿ ಮೀನು ಅಪರೂಪವಾಗುವ ಎರಡು ತಿಂಗಳನ್ನು ಆರಿಸಿಕೊಂಡ ವ್ರತದ ಜಾಣತನವನ್ನು ಅಜ್ಜಿ ಮನಸ್ಸಿನಲ್ಲೇ ಮೆಚ್ಚಿಕೊಂಡರು. ಆಗಸ್ಟಿನಲ್ಲಿ ಬೋಟು ಇಳಿದು, ಮೊದಲ ಬಂಗುಡೆ ಬಂದು, ಪುಳಿಮುಂಚಿಯ ಪರಿಮಳ ಕೋಣೆಯೊಳಗೆ ಹೋದ ದಿನ ವ್ರತಕ್ಕೊಂದು ತಿದ್ದುಪಡಿ ಬಂತು. ಪದಕೋಶವನ್ನು ಪೂರ್ತಿ ನೋಡಿದ್ದಾಳಂತೆ, ಬಂಗುಡೆಗೆ ಅಂತ ಪ್ರತ್ಯೇಕ ಭಾಷೆ ಹೇಳಿಲ್ಲವಂತೆ.

ಮಳೆಗಾಲದ ತೇವಕ್ಕೆ ಪುಸ್ತಕ ಉಬ್ಬುತ್ತದೆಂದು ಅದನ್ನು ರಾತ್ರಿ ಇಡುತ್ತಿದ್ದದ್ದು ಒಲೆಯ ಮೇಲಿನ ಬೆಚ್ಚನೆಯ ಅಟ್ಟದಲ್ಲಿ. ಅಲ್ಲಿ ಅಜ್ಜಿಯ ಒಣಮೀನಿನ ಡಬ್ಬವೂ ಇತ್ತು. ಪುಸ್ತಕ ಈಗ ಯಾವ ಪುಟ ತೆರೆದರೂ ಸಿಗಡಿ ವಾಸನೆ ಹೊಡೆಯುತ್ತದೆ. ಅಮೆರಿಕದ ಪ್ರತಿಗಳಿಗೆ ಈ ಸೌಕರ್ಯವಿಲ್ಲ.

ಇನ್ನು ನಾನು ಅನುಭವಿಸಿದ್ದು. ಇದಕ್ಕೆ ಕಾರಣ ಲೇಖಕಿಯೂ ಅಲ್ಲ, ತಮ್ಮನೂ ಅಲ್ಲ, ಅಜ್ಜಿ. ಒಂದು ರಾತ್ರಿ ಪುಟ್ಟಿ ಮಿರೊಮಾರದ ರಾಜ್ಯಪದ್ಧತಿ ವಿವರಿಸುತ್ತಿದ್ದಳು. ಅಲ್ಲಿ ಪಟ್ಟ ಗಂಡುಮಕ್ಕಳಿಗಿಲ್ಲ, ತಾಯಿಯಿಂದ ಮಗಳಿಗೆ, ಮಗಳಿಂದ ಅವಳ ಮಗಳಿಗೆ. ಸೆರಫಿನಾಳ ಸೋದರಮಾವ ವಲ್ಲೇರಿಯೊ ಸೇನಾಧಿಪತಿ, ಮಹಾಶೂರ, ಆದರೆ ಸಿಂಹಾಸನ ಸಿಗುವ ಹಾಗಿಲ್ಲ. ಅಜ್ಜಿ ವೀಳ್ಯ ಮಡಚುವುದನ್ನು ನಿಲ್ಲಿಸಿದರು.

"ಓ, ಅಲ್ಲಿಯೂ ಅಳಿಯಕಟ್ಟು."

ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದಿನ ಕಾಲದ ಪದ್ಧತಿ: ಕುಟುಂಬ ಹೆಣ್ಣಿನ ಕಡೆಯಿಂದ, ಯಜಮಾನಿಕೆ ಮಾವನ ಕೈಯಲ್ಲಿ, ಸೊತ್ತು ಅಕ್ಕತಂಗಿಯರ ಮಕ್ಕಳಿಗೆ. ನಮ್ಮ ಮನೆತನದ ಪಾಲುಪಟ್ಟಿಯ ದಾವೆಗಳನ್ನು ಅಜ್ಜಿ ಚಿಕ್ಕಂದಿನಿಂದ ಕಂಡವರು. ಎಲೆಗೆ ಸುಣ್ಣ ಹಚ್ಚಿ, "ಹಾಗಾದರೆ ಇದನ್ನೆಲ್ಲ ಮಾಡಿಸಿದ್ದು ಆ ಮಾವನೇ. ಹೊರಗಿನವರನ್ನು ಹುಡುಕುದು ಯಾಕೆ?" ಎಂದು ಬಾಯಿಗೆ ಹಾಕಿಕೊಂಡರು.

"ಅಜ್ಜೀ!" ಎಂದು ಪುಟ್ಟಿ ಕಿರುಚಿದಳು. ಆಮೇಲೆ, "ಇಲ್ಲ. ಅವನು ಒಳ್ಳೆಯವನು. ಮೊದಲ ಭಾಗದಲ್ಲಿ ಒಳ್ಳೆಯವನಿದ್ದಾನೆ" ಎಂದಳು. ಪುಸ್ತಕ ತೆಗೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿದಳು.

ಮೂರನೆಯ ದಿನ ಹೊರಗೆ ಬಂದಳು. 'ರೋಗ್ ವೇವ್' ಮುಗಿದಿತ್ತು. ಏನಾಯಿತು ಎಂದು ಯಾರಿಗೂ ಹೇಳಲಿಲ್ಲ. ತನಗಾದ ಅನ್ಯಾಯ ಬೇರೆಯವರಿಗೆ ಆಗಬಾರದು ಎಂಬ ತತ್ವ. ಸೀದಾ ಬಂದು ನನ್ನ ಎದುರು ಕೂತು, ಬಹಳ ಹೊತ್ತು ನನ್ನನ್ನೇ ನೋಡಿದಳು. ನಾನು ಪೇಪರಿನ ಹಾಳೆ ತಿರುಗಿಸಿದೆ. ಮತ್ತೊಮ್ಮೆ ತಿರುಗಿಸಿದೆ.

"ಮಾವ, ನಿಮಗೆ ಅಮ್ಮನ ಮೇಲೆ ಒಳಗಿಂದೊಳಗೆ ಏನಾದರೂ ಸಿಟ್ಟುಂಟಾ?"

"ಎಂತದ್ದೂ ಇಲ್ಲ ಮಾರಾಯ್ತಿ."

"ಹಾಗೆಯೇ ಹೇಳುದು ಎಲ್ಲರೂ."

ಅಲ್ಲಿಂದ ಎರಡು ವಾರ ನಾನು ಆ ಮನೆಯಲ್ಲಿ ನೀರು ಕುಡಿದದ್ದೂ ಗಮನಕ್ಕೆ ಬರುತ್ತಿತ್ತು. ಗೋಡೆಯ ಹಿಂದೆ ನಿಂತು ಯಾರ ಜೊತೆ ಫೋನಿನಲ್ಲಿ ಮಾತಾಡುತ್ತೇನೆ, ಅಕ್ಕನಿಗೆ ಕಾಫಿ ಕೊಟ್ಟವರು ಯಾರು, ಎಲ್ಲ ಟಿಪ್ಪಣಿಯಾಗುತ್ತಿತ್ತು. ಸಮಾಧಾನ ಹೇಳಬೇಕಾದ ಅಮ್ಮ ನನ್ನ ಕಡೆ ನೋಡಿ, "ಮಾವ ಅಂದ ಮೇಲೆ ಅಷ್ಟು ಮಾಡಬೇಕಾಗ್ತದೆ. ಕಂಸ ಇಲ್ಲದಿದ್ದರೆ ಕೃಷ್ಣನಿಗೆ ಕೆಲಸ ಎಂತ ಇತ್ತು? ಶಕುನಿ ಇಲ್ಲದಿದ್ದರೆ ಕಥೆ ಸಭಾಪರ್ವದಲ್ಲೇ ಮುಗೀತಿತ್ತು" ಎಂದರು. ತಾಯಿಯ ಬಾಯಿಯಿಂದ ಇಂಥ ಮಾತು ಕೇಳುವ ಭಾಗ್ಯ ಎಲ್ಲ ಮಕ್ಕಳಿಗೂ ಸಿಗುವುದಿಲ್ಲ.

ಯೂನಿಟ್ ಟೆಸ್ಟ್ ಬಂತು. ಕೆಮಿಸ್ಟ್ರಿಯಲ್ಲಿ ಅಕ್ಕ ಗೊತ್ತುಪಡಿಸಿದ ಗೆರೆಗೆ ಎರಡು ಅಂಕ ಕಡಿಮೆ. ಮೂರನೇ ಭಾಗ ಮುಂದಿನ ಟೆಸ್ಟಿಗೆ ಎಂದು ತೀರ್ಪಾಯಿತು. ಪುಟ್ಟಿ ಅಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು, ಅಷ್ಟೆ. ನೋಡಲಾಗದೆ ನಾನು ಗುಟ್ಟಾಗಿ 'ಡಾರ್ಕ್ ಟೈಡ್' ಆರ್ಡರ್ ಮಾಡಿದೆ. ಈ ಒಂದು ಕೆಲಸದಿಂದಾದರೂ ನನ್ನ ಮೇಲಿನ ಆರೋಪ ಬಿದ್ದುಹೋಗುತ್ತದೆ ಎಂಬ ಆಸೆಯೂ ಇತ್ತು. ಅಕ್ಕ ಸಂತೆಗೆ ಹೋದ ಹೊತ್ತಿಗೆ ಪಾರ್ಸೆಲ್ ಬಂತು. ಪುಟ್ಟಿ ಕತ್ತರಿ ಮುಟ್ಟದೆ ಅಂಟಿನ ಪಟ್ಟಿಯನ್ನು ಉಗುರಿನಿಂದಲೇ ನಿಧಾನವಾಗಿ ಬಿಡಿಸಿದಳು, ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಕಪಾಟಿಗೆ ಒಯ್ದು, ಮೊದಲೆರಡರ ಪಕ್ಕದಲ್ಲಿ ನಿಲ್ಲಿಸಿ, ಬಗ್ಗಿ ನೋಡಿದಳು.

ಹೊಸದು ಬೇರೆ ಮುದ್ರಣದ್ದು. ಅರ್ಧ ಇಂಚು ಎತ್ತರ.

ಅವಳು ನಿಧಾನಕ್ಕೆ ತಿರುಗಿದಳು.

"ಮಾವ, ಇದು ನೀವು ಬೇಕೂಂತಲೇ ಮಾಡಿದ್ದು."